ನೆರಳಿನ ಕಾಲಂ

ಶಿವರಾತ್ರಿ ಕಳೆದ ಮೂರನೇ ದಿನ
ನಗರಸಭೆ ನನ್ನ ಕೊರಳಿಗೊಂದು ಗುರುತುಚೀಟಿ ಹಾಕಿತು.
ಐವತ್ತು ಮೀಟರಿನ ಟೇಪು, ಒಂದು ದಿಕ್ಸೂಚಿ,
ನೆರಳನ್ನು ಅಳೆಯುವ ಗಾಜಿನ ಗುಮ್ಮಟದ ಪೆಟ್ಟಿಗೆ.
ಮನೆಗೊಂದು ನಮೂನೆ, ಛಾವಣಿಗೆ ಹದಿನೆಂಟು ರೂಪಾಯಿ.
ಹಾಸನದ ಮೇಲೆ ಬೀಳುವ ಬಿಸಿಲೆಷ್ಟು,
ಅದರಲ್ಲಿ ಕೈಗೆ ಸಿಕ್ಕುವುದೆಷ್ಟು,
ಇಷ್ಟೇ ಲೆಕ್ಕ.

ಬಡವರ ಊಟಿಯಪ್ಪ ಇದು, ಫ್ಯಾನೇ ಬೇಡ
ಎಂದು ನೆಂಟರೆದುರು ಬೀಗಿದವರೆಲ್ಲ
ಈಗ ಗೇಟಿನ ಬಳಿ ನಿಂತು ಕೇಳುತ್ತಾರೆ:
ನಮ್ಮ ಬಿಸಿಲಿಗೆ ಎಷ್ಟು ಅಂಕ?

ಮೇಲಿನಿಂದ ತೆಗೆದ ಚಿತ್ರ ಮೊದಲೇ ಇತ್ತು.
ಸಾಲಗಾಮೆ ರಸ್ತೆಯಲ್ಲಿ ಆಕಾಶಕ್ಕೆ ಮುಖ ಮಾಡಿ ಕೂತ
ಬಿಳಿ ಬೋಗುಣಿಗಳನ್ನು ನೋಡುತ್ತ ಬೆಳೆದವಳು ನಾನು;
ಉಪಗ್ರಹಕ್ಕೆ ಊರೆಂದರೆ ಬೂದು ಚೌಕಗಳು, ಗೊತ್ತು.
ಪೆನ್ಷನ್ ಮೊಹಲ್ಲಾದ ನೂರ ಏಳನೇ ಚೌಕ
‘ಖಾಲಿ’ ಎಂದಿತ್ತು ಚಿತ್ರ.
ಏಣಿ ಹತ್ತಿದರೆ
ಹಗ್ಗದ ಮಂಚದ ತುಂಬ ರಂಜಾನಿಗೆಂದು ಹೊಸೆದ ಶಾವಿಗೆ,
ಹರಡಿದ ಮೆಣಸಿನಕಾಯಿ, ಮಗುಚಿ ಹಾಕಿದ ಗಾದಿ,
ಹೂರ್ ಬಾನು ಅವರ ತೋಳಲ್ಲಿ ಎಂಟು ದಿನದ ಮೊಮ್ಮಗಳು.
“ಕಾಮಾಲೆ. ಎಳೇ ಬಿಸಿಲಿಗೆ ಹಿಡೀರಿ ಅಂದವ್ರೆ ಡಾಕ್ಟ್ರು.”

‘ಈಗಿನ ಬಳಕೆ’ ಎಂಬ ಕಾಲಂ ನಮೂನೆಯಲ್ಲಿಲ್ಲ.
‘ಅಡೆತಡೆಗಳು’ ಇದೆ.
ನೀರಿನ ತೊಟ್ಟಿ ಒಂದು, ಡಿಶ್ ಒಂದು, ಬರೆದೆ.
ಮಗುವನ್ನು ಬರೆಯಲಿಲ್ಲ.
“ಕರೆಂಟಿಗೆ ಎಷ್ಟು ಜಾಗ ಬೇಕಮ್ಮಾ?”
“ಒಂದು ಕಿಲೋವ್ಯಾಟಿಗೆ ನೂರು ಚದರಡಿ.”
ಮಗುವನ್ನೆತ್ತಿಕೊಂಡೇ ಅವರು ಹೆಜ್ಜೆಯಿಟ್ಟು ಅಳೆದರು,
ಮಂಚದ ಕಾಲಿನಿಂದ ಪ್ಯಾರಪೆಟ್ಟಿನವರೆಗೆ.
“ಮಂಚ ಅಲ್ಲೇ ಇರ್ಲಿ. ಮಿಕ್ಕಿದ್ದು ಬರ್ಕೊ.”

ನನ್ನ ಪಟ್ಟಿಯಲ್ಲಿ ಪೂರ್ಣಾಂಕ ಪಡೆದದ್ದು
ಬಿ.ಎಂ. ರಸ್ತೆಯಾಚೆಯ ಶೈತ್ಯಾಗಾರ.
ಅರ್ಧ ಎಕರೆ ಚಪ್ಪಟೆ ತಗಡು, ಕಾಗೆಯ ನೆರಳೂ ಇಲ್ಲ.
ಅದರಡಿಯ ಕತ್ತಲಲ್ಲಿ ಚೀಲ ಚೀಲ ಆಲೂಗಡ್ಡೆ,
ಬಿಸಿಲು ಕಂಡರೆ ಹಸಿರಾಗಿ ಕೆಡುವ ಜಾತಿ.

ಆಮೇಲೆ ಕೆ.ಆರ್. ಪುರಂನ ಅಣ್ಣಾಜಪ್ಪ.
ಮೂವತ್ತು ವರ್ಷ ಲೈನ್‌ಮನ್.
ಕಂಬ ಹತ್ತಿ ತಂತಿಗೆ ತಾಗುವ ಕೊಂಬೆಗಳನ್ನು
ಊರಿಡೀ ಕಡಿದುಕೊಂಡು ಬಂದವರು.
“ಈ ಹೊಂಗೆ ತೆಗ್ಸಿದ್ರೆ ದಿನಕ್ಕೆ ಎಷ್ಟು ಯೂನಿಟ್ ಜಾಸ್ತಿ?”

ಪೆಟ್ಟಿಗೆಯನ್ನು ಮಟ್ಟ ಮಾಡಿ ಇಟ್ಟೆ.
ಗುಮ್ಮಟದೊಳಗೆ ಇಡೀ ಆಕಾಶ ಒಂದು ತಟ್ಟೆಯಷ್ಟಾಯಿತು,
ಅಂಚಿನಲ್ಲಿ ಹೊಂಗೆ ಬಳ್ಳಿಯ ಹಾಗೆ ಬಾಗಿತು.
ನಾಲ್ಕು ಯೂನಿಟ್.
ನಾಲ್ಕೂಕಾಲು, ಎಲೆ ಉದುರುವ ದಿನ ಬಿಟ್ಟು.

ಕೆಳಗೆ ಚಿಕ್ಕತಾಯಮ್ಮನ ಇಸ್ತ್ರಿ ಗಾಡಿ,
ಕೆಂಡದ ಪೆಟ್ಟಿಗೆಯ ಬಾಯಿ ತೆರೆದು ಊದುತ್ತಿದ್ದಳು.
ಎರಡು ಆಟೋ, ಒಂದರಲ್ಲಿ ಕಾಲು ಹೊರಚಾಚಿದ ನಿದ್ದೆ.
ಗಾಲಿಯ ಪಕ್ಕ ನಾಯಿ.

“ಕಡಿದ್ರೂ ಪ್ರಯೋಜನ ಇಲ್ಲ ಸಾರ್,” ಅಂದೆ.
“ದಕ್ಷಿಣಕ್ಕಿರೋ ಕಲ್ಯಾಣ ಮಂಟಪದ ನೆರಳು ಹೆಂಗೂ ಬೀಳುತ್ತೆ.”

ಡಿಸೆಂಬರಿನಲ್ಲಿ ಅದು ನಿಜ.
ಉಳಿದ ಹನ್ನೊಂದು ತಿಂಗಳು ಸುಳ್ಳು.

ಅಣ್ಣಾಜಪ್ಪ ನನ್ನ ಮುಖವನ್ನು ಮೀಟರಿನಂತೆ ಓದಿದರು,
ಒಮ್ಮೆ ಕಲ್ಯಾಣ ಮಂಟಪದ ಕಡೆ, ಒಮ್ಮೆ ಸೂರ್ಯನ ಕಡೆ.
ಅವರಿಗೆ ಗೊತ್ತಾಯಿತು.
“ಹಂಗಾದ್ರೆ ಹಂಗೇ ಬರಿಯಮ್ಮ,”
ಎಂದು ಒಳಗೆ ಕೂಗಿ ಎರಡು ಲೋಟ ಟೀ ಹೇಳಿದರು.
ಸ್ವಲ್ಪ ತಡೆದು, “ಮೂರು,” ಎಂದು ಕೆಳಗೆ ಬಗ್ಗಿ ನೋಡಿದರು.

ರಾತ್ರಿ ನಮೂನೆ ತುಂಬಿದೆ.
ನೆರಳು: ಶೇಕಡಾ ಮೂವತ್ತೆಂಟು. ಕಾರಣ: ಕಟ್ಟಡ.
ತೆಗೆಯಬಹುದೇ? ಇಲ್ಲ.
ಪೆನ್ನು ನಡುಗಲಿಲ್ಲ, ಅದಕ್ಕೇ ಸ್ವಲ್ಪ ಭಯವಾಯಿತು.

ನಾನಿರುವುದು ನೆಲಮಹಡಿಯ ಬಾಡಿಗೆ ಕೋಣೆ.
ನನ್ನ ಮೇಲಿನ ಛಾವಣಿ ಇನ್ನೊಬ್ಬರ ನೆಲ.
ಹತ್ತೂವರೆಗೆ ಕಿಟಕಿಯ ಸಂದಿಯಲ್ಲಿ ಬಿಸಿಲು ಬಂದು ಹೋಗುತ್ತದಂತೆ,
ಆ ಹೊತ್ತಿಗೆ ನಾನು ಯಾರದೋ ತಾರಸಿಯ ಮೇಲಿರುತ್ತೇನೆ.
ಭಾನುವಾರ ಕಾದು ಕೂತು ಟೇಪು ಹಿಡಿದೆ.
ಒಂಬತ್ತು ಅಂಗುಲ, ಇಪ್ಪತ್ತು ನಿಮಿಷ.
ಕಾಲುಚೀಲ ಒಣಗುತ್ತದೆ,
ಒಂದೊಂದಾಗಿ ಹಾಕಿದರೆ.